ಆರೋ ಒಂಬತ್ತೋ

ನನ್ನ ಮದುವೆ ಆದದ್ದು ಒಂದು ಪದವನ್ನು ತಪ್ಪಾಗಿ ತಿಳಿದುಕೊಂಡದ್ದರಿಂದ. ಸಂಬಂಧ ತಂದವರು ನಮ್ಮ ಅಪ್ಪನ ಹತ್ತಿರ, “ಹುಡುಗ ನೆಲ್ಯಹುದಿಕೇರಿ ಕಡೆ ಎಸ್ಟೇಟಲ್ಲಿ ರೈಟರ್” ಎಂದಿದ್ದರು. ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ಜಮೀನು ಮಾಡಿಕೊಂಡವರು. ಭತ್ತ, ಜೋಳ, ಶುಂಠಿ ಗೊತ್ತೇ ಹೊರತು ಕಾಫಿ ತೋಟದ ವ್ಯವಹಾರ ಗೊತ್ತಿರಲಿಲ್ಲ. ಆದರೆ ಓದುವ ಹುಚ್ಚು ಬಹಳ. ರೈಟರ್ ಎಂದರೆ ಬರಹಗಾರ, ತೋಟದ ತಂಪಿನಲ್ಲಿ ಕೂತು ಕಥೆ ಬರೆಯುವ ಪುಣ್ಯಾತ್ಮ ಎಂದುಕೊಂಡುಬಿಟ್ಟರು. ಹೆಣ್ಣು ನೋಡಲು ಬಂದ ದಿನ ಹುಡುಗನ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟು, “ಈಗ ಏನ್ ಬರೀತಾ ಇದೀರಿ?” ಎಂದು ವಿಚಾರಿಸಿದರು.

“ಚೆಕ್‌ರೋಲ್ ಸಾರ್” ಎಂದ ಹುಡುಗ, ತಲೆ ಎತ್ತದೆ.

ಅದು ಕಾದಂಬರಿಯ ಹೆಸರಿರಬೇಕು ಎಂದು ಅಪ್ಪನಿಗೆ ಅನಿಸಿತು. “ಎಷ್ಟು ಪುಟ ಆಗಿದೆ?” ಎಂದರು.

“ಈ ತಿಂಗಳು ಆಳು ಕಡಿಮೆ ಸಾರ್. ಎರಡೇ ಪುಟ.”

ಎಸ್ಟೇಟಿನ ರೈಟರ್ ಎಂದರೆ ಆಳುಗಳ ಹಾಜರಿ, ಹಣ್ಣು ಕುಯ್ದ ತೂಕ, ಕೂಲಿ ಇವನ್ನೆಲ್ಲ ಚೆಕ್‌ರೋಲ್ ಎಂಬ ಪುಸ್ತಕಕ್ಕೆ ಇಳಿಸುವ ಗುಮಾಸ್ತ ಎಂಬುದು ಅಪ್ಪನಿಗೆ ತಿಳಿಯುವ ಹೊತ್ತಿಗೆ ತಾಂಬೂಲ ಬದಲಾಗಿತ್ತು. ಅವರು ಹಣೆ ಹಣೆ ಚಚ್ಚಿಕೊಂಡರು. ನಾನು ಬಾಗಿಲ ಹಿಂದೆ ನಿಂತು ನಕ್ಕಿದ್ದೆ. ಆ ಎರಡು ಪುಟದ ಉತ್ತರ ಕೊಟ್ಟ ಮುಖ ನನಗೆ ಆಗಲೇ ಹಿಡಿಸಿತ್ತು.

ಮದುವೆಯಾಗಿ ಎಸ್ಟೇಟಿನ ಕ್ವಾರ್ಟರ್ಸಿಗೆ ಬಂದೆ. ಮೊದಲ ಭಾನುವಾರ ಊಟವಾದ ಮೇಲೆ ಇವರು ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ತಂದು ನನ್ನ ಮುಂದೆ ಇಟ್ಟರು. ಮನೆಯ ಲೆಕ್ಕಕ್ಕೂ ಒಂದು ಚೆಕ್‌ರೋಲು! ಅಕ್ಕಿ, ಎಣ್ಣೆ, ಹಾಲು, ಬಸ್ಸು, ಔಷಧಿ ಎಂದು ಒಂದೊಂದಕ್ಕೂ ಗೆರೆ ಹೊಡೆದಿದ್ದರು. ನಿಯಮ ಎರಡೇ. ದಿನದ ಖರ್ಚು ನಾನು ಬರೆಯಬೇಕು, ಭಾನುವಾರ ಇವರು ಕೂಡಬೇಕು. ಅಂಕಿಗಳನ್ನು ಕನ್ನಡದಲ್ಲೇ ಬರೆಯಬೇಕು. ಇವರಿಗೆ ಶಾಲೆಯಲ್ಲಿ ಕಲಿಸಿದ ಮೇಷ್ಟ್ರು ಇಂಗ್ಲಿಷ್ ಅಂಕಿ ಬರೆದರೆ ಬೆರಳ ಗಂಟಿಗೆ ಹೊಡೆಯುತ್ತಿದ್ದರಂತೆ. ಎಸ್ಟೇಟಿನ ದೊಡ್ಡ ರಿಜಿಸ್ಟರಿನಲ್ಲಿ ಇಂಗ್ಲಿಷ್ ಅಂಕಿ ಬರೆಯಲೇಬೇಕಾದ್ದರಿಂದ, ಮನೆಯಲ್ಲಾದರೂ ಮೇಷ್ಟ್ರ ಮಾತು ಉಳಿಯಲಿ ಎಂಬುದು ಇವರ ಆಸೆ. ಹೊಸತರಲ್ಲಿ ನನಗೆ ಆರು ಯಾವುದು ಒಂಬತ್ತು ಯಾವುದು ಎಂದೇ ಗೊಂದಲವಾಗುತ್ತಿತ್ತು. ೬, ೯. ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ ಇದ್ದಾವೆ. ಬಾಲ ಯಾವ ಕಡೆ ತಿರುಗಿದೆ ಎಂದು ನೋಡಿಯೇ ಹೇಳಬೇಕು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. “ನಾನೇನು ನಿಮ್ಮ ಆಳಾ, ದಿನಾ ಲೆಕ್ಕ ಒಪ್ಪಿಸೋಕೆ?” ಎಂದು ಎಷ್ಟೋ ಸಲ ಪುಸ್ತಕವನ್ನು ಅಟ್ಟಕ್ಕೆ ಎಸೆದಿದ್ದೇನೆ. ಇವರು ಏಣಿ ಹಾಕಿ ಇಳಿಸಿಕೊಂಡು ಬರುತ್ತಿದ್ದರು, ಧೂಳು ಒರೆಸಿ ಅದೇ ಜಾಗದಲ್ಲಿ ಇಡುತ್ತಿದ್ದರು. ಜಗಳಕ್ಕೆ ಬಾರದ ಮನುಷ್ಯನ ಜೊತೆ ಜಗಳವಾಡುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಆದರೆ ಒಂದು ಸಲ ತವರಿಗೆ ಹೋಗಿ ಬಂದು ಪುಸ್ತಕ ತೆರೆದಾಗ, ನಾನಿಲ್ಲದ ದಿನಗಳ ಸಾಲಿನಲ್ಲಿ ಇವರ ಅಕ್ಷರ ಕಂಡಿತು. “ಮನೆಯಾಕೆ ಗೈರು, ೫ ದಿನ.” ಅದರ ಕೆಳಗೆ ಆ ಐದು ದಿನದಲ್ಲಿ ಉಳಿದ ದುಡ್ಡಿನ ಲೆಕ್ಕ. ಅದರ ಕೆಳಗೆ, ಪೆನ್ಸಿಲಿನಲ್ಲಿ, “ಆದರೂ ಲಾಭವಿಲ್ಲ.” ಬಾಯಲ್ಲಿ ಒಂದು ಒಳ್ಳೆಯ ಮಾತು ಆಡಲು ಬಾರದ ಮನುಷ್ಯ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಅವತ್ತಿನಿಂದ ನಾನು ಅದನ್ನು ಅಟ್ಟಕ್ಕೆ ಎಸೆದಿಲ್ಲ.

ವರ್ಷಗಳು ಹೋದವು. ಪುಸ್ತಕದ ಮೇಲೆ ಪುಸ್ತಕ ತುಂಬಿತು. ಮಗಳು ಬಂದಳು, ಅವಳ ಹೆಸರಿನಲ್ಲಿ ಒಂದು ಸಾಲು ಬಂತು, ಅವಳು ಮೈಸೂರಿನಲ್ಲಿ ನರ್ಸಿಂಗಿಗೆ ಸೇರಿದಾಗ ಆ ಸಾಲು ಉಳಿದೆಲ್ಲ ಸಾಲುಗಳನ್ನೂ ನುಂಗಿ ಕೂತಿತು. ಈಗ ಎಲ್ಲರೂ ಫೋನು ತೋರಿಸಿ ದುಡ್ಡು ಕೊಡುತ್ತಾರೆ. ಇವರಿಗೆ ಮಾತ್ರ ಪುಸ್ತಕಕ್ಕೆ ಇಳಿಯದ ದುಡ್ಡು ದುಡ್ಡೇ ಅಲ್ಲ. ಸಂಬಳ ಬ್ಯಾಂಕಿಗೆ ಬಂದ ಮರುದಿನವೇ ಮನೆಖರ್ಚಿನಷ್ಟನ್ನು ತೆಗೆದು ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಹಾಕುತ್ತಾರೆ. ಪುಸ್ತಕದ ಬಾಕಿಗೂ ಡಬ್ಬದ ನೋಟಿಗೂ ತಾಳೆಯಾಗಬೇಕು. ಭಾನುವಾರ ಅದು ತಾಳೆಯಾದ ಕ್ಷಣ ಇವರ ಮುಖ ನೋಡಬೇಕು, ಪಂಕ್ತಿಯಲ್ಲಿ ಎರಡನೇ ಸಲ ಪಾಯಸ ಬಡಿಸಿದ ಹಾಗೆ ಅರಳುತ್ತದೆ.

ನಾಲ್ಕು ವರ್ಷದ ಹಿಂದೆ ನಾನೇ ಆ ಪುಸ್ತಕದಲ್ಲಿ ಒಂದು ಹೊಸ ಗೆರೆ ಎಳೆದು, ತಲೆಯಲ್ಲಿ “ಸ್ಕೂಟರ್” ಎಂದು ಬರೆದೆ. ದುಬಾರೆ ಕಡೆಯ ಎರಡು ಮೂರು ಹೋಮ್‌ಸ್ಟೇಗಳು ನನ್ನ ಹೇರಳೆಕಾಯಿ ಉಪ್ಪಿನಕಾಯಿ, ಸೂಜಿಮೆಣಸಿನ ಉಪ್ಪಿನಕಾಯಿ ತೆಗೆದುಕೊಳ್ಳುತ್ತಿದ್ದವು. ಆನೆ ನೋಡಲು ಬಂದವರು ಬಾಟಲಿಗಟ್ಟಲೆ ಕೊಂಡುಹೋಗುತ್ತಿದ್ದರು. ಆದರೆ ಅಲ್ಲಿಗೆ ಮುಟ್ಟಿಸುವ ಆಟೋದವನೇ ಅರ್ಧ ಲಾಭ ತಿನ್ನುತ್ತಿದ್ದ. ನನ್ನದೇ ಒಂದು ಸ್ಕೂಟರ್ ಇದ್ದರೆ ಎಂಬ ಆಸೆ ನನಗೆ ಐವತ್ತರ ಹತ್ತಿರ ಬಂತು. ಇವರು ನಗಲಿಲ್ಲ. ಗೆರೆಯನ್ನು ಸ್ಕೇಲಿಟ್ಟು ನೇರ ಮಾಡಿದರು, “ಪ್ರತಿ ತಿಂಗಳು ಇದಕ್ಕೆ ಹಾಕಿದ ಮೇಲೇನೇ ನನ್ನ ಚಿಲ್ಲರೆ ಖರ್ಚು” ಎಂದರು. ಚಿಲ್ಲರೆ ಖರ್ಚು ಎಂದರೆ ಎಲೆಅಡಿಕೆ. ಎರಡು ವರ್ಷದಲ್ಲಿ ಅದನ್ನು ಬಿಟ್ಟೇಬಿಟ್ಟರು. ಆ ಸಾಲಿನ ಮೊತ್ತ ಏರುತ್ತಾ ಬಂದು, ಹೋದ ಸಲ ಕಾಫಿ ಹಣ್ಣು ಕುಯ್ಯುವ ಪಿಕಿಂಗ್ ಶುರುವಾಗುವ ಹೊತ್ತಿಗೆ, ಇನ್ನು ಮೂರು ನಾಲ್ಕು ತಿಂಗಳು ಕೂಡಿಸಿದರೆ ಸಾಕು ಎನ್ನುವಲ್ಲಿಗೆ ಮುಟ್ಟಿತ್ತು. ನಾನು ಕೆಂಪು ಬಣ್ಣ ಎಂದು ಗೊತ್ತು ಮಾಡಿಕೊಂಡೂ ಆಗಿತ್ತು.

ಆಗಲೇ ಡಬ್ಬ ವಿಚಿತ್ರವಾಗಿ ಆಡತೊಡಗಿದ್ದು. ಪುಸ್ತಕಕ್ಕಿಂತ ಡಬ್ಬದಲ್ಲಿ ದುಡ್ಡು ಕಡಿಮೆಯಿದ್ದರೆ ಜಗಳ ಸುಲಭ. ನಮ್ಮ ಡಬ್ಬದಲ್ಲಿ ಹೆಚ್ಚು ಬರುತ್ತಿತ್ತು! ಒಂದು ಭಾನುವಾರ ಮೂವತ್ತು ರೂಪಾಯಿ ಹೆಚ್ಚು, ಇನ್ನೊಂದು ಭಾನುವಾರ ಮುನ್ನೂರು. ಇವರು ಲೆಕ್ಕದಲ್ಲಿ ತಪ್ಪಿದರೆಂದು ನನಗೆ ಹೊಳೆಯಲೇ ಇಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಆಗದ ಮಾತು ಅದು. ಸ್ಕೂಟರ್ ಬೇಗ ಬರಲೆಂದು ಎಲ್ಲೋ ಸಾಲ ಮಾಡಿ ಕದ್ದು ಡಬ್ಬಕ್ಕೆ ಹಾಕುತ್ತಿದ್ದಾರೆ ಎಂದುಕೊಂಡೆ. ಇವರೋ, ನಾನು ಉಪ್ಪಿನಕಾಯಿಯ ದುಡ್ಡನ್ನು ಪುಸ್ತಕಕ್ಕೆ ಬರೆಯದೆ ಸೇರಿಸುತ್ತಿದ್ದೇನೆ ಎಂದುಕೊಂಡರಂತೆ.

“ಎಲ್ಲಿಂದ ತಂದ್ರಿ ಹೇಳಿ” ಎಂದು ನಾನು ಗದರಿದೆ.

“ನಾನೆಲ್ಲಿಂದ ತರ್ಲಿ ಮಾರಾಯ್ತಿ? ನೀನೇ ಹಾಕಿರ್ತೀಯ.”

“ನನ್ನ ಮೇಲೆ ಆಣೆ ಮಾಡಿ.”

“ದುಡ್ಡು ಹೆಚ್ಚಾಯ್ತು ಅಂತ ಆಣೆ ಮಾಡಿಸೋ ಹೆಂಗ್ಸು ಈ ಕೊಡಗಲ್ಲಿ ನೀನೊಬ್ಳೇ” ಎಂದು ಇವರು ಹೊರಗೆ ಹೋದರು. ನಾನು ಎರಡು ದಿನ ಮಾತು ಬಿಟ್ಟೆ. ಒಳಗೊಳಗೇ ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ. ಗಂಡ ತನಗಾಗಿ ಏನೋ ಗುಟ್ಟು ಮಾಡುತ್ತಿದ್ದಾನೆ ಎಂದುಕೊಳ್ಳುವುದು ಯಾವ ವಯಸ್ಸಿಗೂ ಹಿತವೇ.

ಪಿಕಿಂಗ್ ಜೋರಾಗಿದ್ದ ಒಂದು ಭಾನುವಾರ, ನಾವು ಪುಸ್ತಕ ಬಿಚ್ಚಿಕೊಂಡು ಕೂತಿದ್ದಾಗ, ಲೈನಿನ ಹೆಂಗಸೊಬ್ಬಳು ಬಂದಳು. ಕೆಲಸದವರ ಸಾಲುಮನೆಗಳನ್ನು ನಮ್ಮಲ್ಲಿ ಲೈನು ಎನ್ನುತ್ತಾರೆ. ಇವಳು ಅಲ್ಲಿ ಬಹಳ ಹಳಬಳು, ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ. ಕೈ ಬಿದ್ದರೆ ಗಿಡ ಬೋಳಾಗಬೇಕು, ಅಂಥ ಕೆಲಸಗಾರ್ತಿ. ಮೆಟ್ಟಿಲ ಮೇಲೆ ನಿಂತು ಸೆರಗು ತಿರುವುತ್ತಾ, ಇವರನ್ನು ಬಿಟ್ಟು ನನ್ನನ್ನು ನೋಡಿ ಮಾತಾಡಿದಳು.

“ರೈಟರಮ್ಮ, ಈ ವಾರ ಕೂಲಿ ಕಮ್ಮಿ ಬಂದಿದೆ. ಬುಧವಾರ ನಂದು ತೊಂಬತ್ನಾಲ್ಕು ಕೆ.ಜಿ. ನಾನೇ ಕಣ್ಣಾರೆ ತಕ್ಕಡಿ ನೋಡಿದೀನಿ. ಅರವತ್ನಾಲ್ಕು ಅಂತ ಬರ್ದವ್ರೆ.”

“ಮೇಸ್ತ್ರಿ ಬರ್ದಿದ್ದನ್ನೇ ನಾನು ಇಳಿಸೋದು” ಎಂದರು ಇವರು, ಸ್ವಲ್ಪ ಬಿಗಿಯಾಗಿ. ತೂಕದ ಹತ್ತಿರ ಮೇಸ್ತ್ರಿ ತನ್ನ ಸಣ್ಣ ಪುಸ್ತಕದಲ್ಲಿ ಕನ್ನಡ ಅಂಕಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಶನಿವಾರ ಇವರು ಅದನ್ನು ದೊಡ್ಡ ರಿಜಿಸ್ಟರಿಗೆ ಇಂಗ್ಲಿಷ್ ಅಂಕಿಯಲ್ಲಿ ಇಳಿಸುತ್ತಾರೆ. ಎರಡೂ ಮನೆಯಲ್ಲೇ ಇದ್ದವು. ಇವರು ಮೇಸ್ತ್ರಿಯ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು. “ನೋಡು, ಅರವತ್ನಾಲ್ಕು.”

ನಾನು ಬಗ್ಗಿ ನೋಡಿದೆ. ಮೇಸ್ತ್ರಿಯದು ದಪ್ಪ ಪೆನ್ನು, ಅಂಗೈಯಷ್ಟು ದೊಡ್ಡ ಅಕ್ಷರ. ೯೪.

“ರೀ, ತೊಂಬತ್ನಾಲ್ಕು.”

“ಅರವತ್ನಾಲ್ಕು ಕಣೇ.”

“ತೊಂಬತ್ತು ರೀ. ಬಾಲ ನೋಡಿ.”

ಇವರು ಪುಸ್ತಕ ಹಿಡಿದು ಬಾಗಿಲಿನ ಬೆಳಕಿಗೆ ಹೋದರು. ಮೂಗಿಗೆ ತಾಗುವಷ್ಟು ಹತ್ತಿರ ತಂದರು. ಹೆಬ್ಬೆರಳಿನಿಂದ ಅಂಕಿಯನ್ನು ಉಜ್ಜಿದರು, ಅದರ ಮೇಲೆ ಏನೋ ಕೂತಿರಬೇಕು ಎಂಬಂತೆ. ಆಗ ನನಗೆ ಡಬ್ಬದ ನೆನಪಾಯಿತು. ಮೂವತ್ತು. ಮುನ್ನೂರು. ಒಂಬತ್ತರಲ್ಲಿ ಆರು ಕಳೆದರೆ ಮೂರು. ನಮ್ಮ ಮನೆಯ ಪುಸ್ತಕ ತೆಗೆದುಕೊಂಡು ಹೋಗಿ, ನಾನೇ ಬರೆದಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟೆ.

“ಇದೆಷ್ಟು, ಓದಿ.”

“ತೆಂಗಿನಕಾಯಿ ತೊಂಬತ್ತು.”

ನಾನು ಬರೆದಿದ್ದದ್ದು ಅರವತ್ತು. ಖರ್ಚನ್ನು ಇವರು ಹೆಚ್ಚಾಗಿ ಓದಿ ಕೂಡಿದ್ದಕ್ಕೇ ಡಬ್ಬದಲ್ಲಿ ದುಡ್ಡು ಹೆಚ್ಚು ಕಂಡಿತ್ತು.

ಲೈನಿನ ಹೆಂಗಸಿಗೂ ಅರ್ಥವಾಯಿತು. ಅವಳು ಮುಖ ತಿರುಗಿಸಿ ಅಂಗಳದ ಕೋಳಿಗಳನ್ನು ನೋಡುತ್ತಾ ನಿಂತಳು. ಇವರು ಡಬ್ಬದಿಂದ ಮೂವತ್ತು ಕೆ.ಜಿ.ಯ ಕೂಲಿ ಎಣಿಸಿ, ನನ್ನ ಕೈಯಲ್ಲಿ ಇನ್ನೊಮ್ಮೆ ಎಣಿಕೆ ಮಾಡಿಸಿ, ಅವಳಿಗೆ ಕೊಟ್ಟು, “ತಪ್ಪಾಯ್ತಮ್ಮ” ಎಂದರು. ಅವಳು ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು, “ಹೋಗ್ಲಿ ಬಿಡಿ ರೈಟ್ರೇ” ಎಂದು ಹೊರಟುಹೋದಳು.

“ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದೆ.

ಇವರು ತಲೆ ತಗ್ಗಿಸಿದರು. ಹೋದ ಮಳೆಗಾಲದಿಂದ ಮಂಜು ಮುಸುಕಿದ ಹಾಗೆ ಕಾಣುತ್ತಿತ್ತಂತೆ. ಮಳೆಗಾಲ ಮುಗಿದರೂ ಮಂಜು ಹೋಗಲಿಲ್ಲವಂತೆ.

“ಹೇಳ್ಬಾರ್ದಿತ್ತಾ?”

“ಕಣ್ಣು ಕಾಣದ ರೈಟರ್ ಯಾರಿಗೆ ಬೇಕು ಕಣೇ? ಕೆಲಸ ಹೋದ್ರೆ ಈ ಕ್ವಾರ್ಟರ್ಸೂ ಹೋಯ್ತು. ಮಗಳ ಫೀಸು ಇನ್ನೂ ಒಂದು ವರ್ಷ ಇದೆ. ಡಾಕ್ಟ್ರ ಹತ್ರ ಹೋದ್ರೆ ಆಪರೇಶನ್ ಅಂತಾರೆ, ದುಡ್ಡು ಎಲ್ಲಿಂದ ತೆಗೀಲಿ? ಸ್ಕೂಟರ್ ಸಾಲಿಂದಾನಾ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂವತ್ತು ವರ್ಷ ಉಪ್ಪು ಹುಣಿಸೆಹಣ್ಣಿನ ಲೆಕ್ಕವನ್ನೂ ಇಬ್ಬರೂ ಕೂತು ನೋಡಿದ್ದೇವೆ. ಕಣ್ಣಿನಂಥ ಕಣ್ಣನ್ನು ಈ ಮನುಷ್ಯ ಲೆಕ್ಕದಿಂದ ಹೊರಗಿಟ್ಟಿದ್ದರು. ಬೈದೆ, ಚೆನ್ನಾಗಿ ಬೈದೆ, ಬೈಯುತ್ತಲೇ ಅತ್ತೆ. ಇವರು ಪುಸ್ತಕದ ಗೆರೆಗಳನ್ನು ಬೆರಳಿನಿಂದ ಸವರುತ್ತಾ ಕೂತಿದ್ದರು. ಕೊನೆಗೆ, “ಅವ್ಳಿಗೊಬ್ಳಿಗೇ ಆಗಿದ್ದಾ, ಬೇರೆಯವ್ರಿಗೂ ಆಗಿದ್ಯಾ?” ಎಂದರು. ಅವರಿಗೆ ಆ ಹೊತ್ತಿನಲ್ಲಿ ತಮ್ಮ ಕಣ್ಣಿಗಿಂತ ಅದೇ ದೊಡ್ಡದಾಗಿತ್ತು.

ಆ ಮಧ್ಯಾಹ್ನ ಇಬ್ಬರೂ ಬಾಗಿಲ ಬಳಿ ಚಾಪೆ ಹಾಕಿಕೊಂಡು ಕೂತೆವು. ಪಿಕಿಂಗ್ ಶುರುವಾದಾಗಿನಿಂದ ಮೇಸ್ತ್ರಿ ಬರೆದ ಪ್ರತಿ ಅಂಕಿಯನ್ನೂ ರಿಜಿಸ್ಟರಿನ ಜೊತೆ ತಾಳೆ ಹಾಕುತ್ತಾ ನಾನು ಓದಿದೆ. ಇವರು ಕಣ್ಣು ಮುಚ್ಚಿ ಕೇಳಿದರು, ಮನಸ್ಸಿನಲ್ಲೇ ಕೂಡಿದರು. ನಾನು ಪುಟದ ಕೊನೆ ಮುಟ್ಟುವಷ್ಟರಲ್ಲಿ ಮೊತ್ತ ಇವರ ಬಾಯಿಂದ ಬಂದುಬಿಡುತ್ತಿತ್ತು. ಕಣ್ಣು ಮಾತ್ರ ಸೋತಿತ್ತು, ತಲೆ ಹೊಸ ಬ್ಲೇಡಿನ ಹಾಗೆ ಇತ್ತು. ಏಳು ತಪ್ಪು ಸಿಕ್ಕಿದವು. ನಾಲ್ಕು ಜನಕ್ಕೆ ಕಡಿಮೆ ಹೋಗಿತ್ತು, ಮೂವರಿಗೆ ಹೆಚ್ಚು. ಹೆಚ್ಚು ಹೋದವರು ಯಾರೂ ಮೆಟ್ಟಿಲ ಬಳಿ ಬಂದು ನಿಂತಿರಲಿಲ್ಲ ಎಂದು ಇವರೇ ಹೇಳಿ ನಕ್ಕರು.

ಮರುದಿನ ಬೆಳಿಗ್ಗೆ ಇವರು ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಎಸ್ಟೇಟಿನ ಸಾಹುಕಾರರ ಬಂಗಲೆಗೆ ಹೊರಟರು. ಬೇಡವೆಂದರೂ ನಾನು ಹಿಂದೆ ಹೋದೆ. ದಾರಿಯುದ್ದಕ್ಕೂ ನಮ್ಮ ಮನೆಯ ಸಾಮಾನನ್ನು ಯಾವ ಲಾರಿಗೆ ಹೇರುವುದು, ಎಲ್ಲಿಗೆ ಒಯ್ಯುವುದು ಎಂದೇ ನನ್ನ ತಲೆ ಓಡುತ್ತಿತ್ತು. ಇವರು ಏಳು ತಪ್ಪುಗಳನ್ನೂ ಒಂದೊಂದಾಗಿ ಹೇಳಿದರು. ಸಾಹುಕಾರರು ರಿಜಿಸ್ಟರ್ ತಿರುವಿದರು, ಇವರನ್ನು ನೋಡಿದರು, ಮತ್ತೆ ರಿಜಿಸ್ಟರ್ ತಿರುವಿದರು.

“ಕಣ್ಣು ಮಾಡಿಸ್ಕೊಂಡು ಬಾ” ಎಂದರು. “ಆದ್ರೆ ಪಿಕಿಂಗ್ ನಿಲ್ಲಿಸೋಕಾಗಲ್ಲ. ಈಗ ಹೊಸಬನ್ನ ತಂದ್ರೆ ಅವನಿಗೆ ಮನೆ ಕೊಡ್ಬೇಕಾಗುತ್ತೆ. ಇರೋದು ನಿನ್ನದೇ ಮನೆ. ಅಲ್ಲಿವರೆಗೆ ಯಾರು ಬರೀತಾರೆ ಹೇಳು?”

ನನಗೆ ಎಲ್ಲಿಂದ ಧೈರ್ಯ ಬಂತೋ. “ನಾನು ಬರೀತೀನಿ ಸಾರ್” ಎಂದುಬಿಟ್ಟೆ.

ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು. “ಇಬ್ಬರಿಗೆ ಸಂಬಳ ಕೊಡೋಕಾಗಲ್ಲ” ಎಂದರು. ಅದೇ ಒಪ್ಪಿಗೆ ಎಂದು ನಮಗೆ ಅರ್ಥವಾಗಲು ಅರ್ಧ ದಾರಿ ನಡೆಯಬೇಕಾಯಿತು.

ಡಾಕ್ಟರು ಹೇಳಿದ್ದು ಕಣ್ಣಿನ ಪೊರೆ ಎಂದು. ಎರಡೂ ಕಣ್ಣಿಗೆ. ಬೇಸಿಗೆಯಲ್ಲಿ ಸರ್ಕಾರಿ ಕ್ಯಾಂಪ್ ಬರುತ್ತದೆ, ಅಲ್ಲಿವರೆಗೆ ತಡೆಯೋಣ ಎಂದು ಇವರು ಹಟ ಹಿಡಿದರು. ಮಗಳು ಮೈಸೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಯಾಗಿತ್ತು. ಹೊರಡುವ ಹಿಂದಿನ ದಿನ ನಾನು ಪುಸ್ತಕ ತೆಗೆದು, ಸ್ಕೂಟರ್ ಸಾಲಿನ ಅಷ್ಟೂ ದುಡ್ಡನ್ನು ಔಷಧಿಯ ಸಾಲಿಗೆ ದಾಟಿಸಿ, ಸ್ಕೂಟರಿನ ಕೆಳಗೆ ಒಂದು ಸೊನ್ನೆ ಬರೆದೆ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕು ವರ್ಷದ ಎಲೆಅಡಿಕೆ, ನಾಲ್ಕು ವರ್ಷದ ಉಪ್ಪಿನಕಾಯಿ. ಇವರು ಪುಟವನ್ನು ಮುಖದ ಹತ್ತಿರ ಹಿಡಿದು ಆ ಸೊನ್ನೆಯನ್ನೇ ನೋಡಿದರು. ಸೊನ್ನೆಗೆ ಬಾಲವಿಲ್ಲ, ತಪ್ಪಾಗಿ ಓದುವ ಹಾಗೂ ಇಲ್ಲ.

ಒಂದು ಕಣ್ಣು ಮಾಡಿಸಿ ಕರೆದುಕೊಂಡು ಬಂದು, ಮೂರು ವಾರ ಬಿಟ್ಟು ಇನ್ನೊಂದಕ್ಕೆ ಕರೆದುಕೊಂಡು ಹೋದೆ. ಆ ಎರಡು ಸಲದ ಮೈಸೂರು ಬಿಟ್ಟರೆ ಉಳಿದ ದಿನ ಸಂಜೆ ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು ನಾನೇ ಕೂತೆ. ಮೇಸ್ತ್ರಿ ತೂಕ ಕೂಗಿದರೆ, “ಇನ್ನೊಂದ್ಸಲ ಹೇಳಿ” ಎಂದು ಎರಡೆರಡು ಸಲ ಹೇಳಿಸಿಕೊಂಡು ಬರೆದುಕೊಳ್ಳುತ್ತಿದ್ದೆ. ಹೊಸ ಕೆಲಸ, ಜಾಗ್ರತೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇಷ್ಟು ವರ್ಷ ರೈಟರನ ಹೆಂಡತಿಯೆಂದು ನನ್ನನ್ನು ರೈಟರಮ್ಮ ಎನ್ನುತ್ತಿದ್ದ ಆ ಲೈನಿನ ಹೆಂಗಸು, ಹಣ್ಣಿನ ಚೀಲ ಇಳಿಸುತ್ತಾ, “ಈಗ ಸರಿಯಾದ ರೈಟರಮ್ಮ ಆದ್ರಿ ನೋಡಿ” ಎಂದು ಎಲ್ಲರ ಮುಂದೆ ಕೂಗಿ ಹೇಳಿದಳು. ಅಪ್ಪ ಬದುಕಿದ್ದಿದ್ದರೆ ಬಸ್ಸು ಹತ್ತಿ ಬಂದು ಎಷ್ಟು ಪುಟ ಆಯಿತು ಎಂದು ಕೇಳುತ್ತಿದ್ದರು.

ಎರಡನೇ ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ಇವರು ಮೊದಲು ಮಾಡಿದ ಕೆಲಸ ಮೂಲೆ ಮೂಲೆ ನೋಡಿದ್ದು. “ಈ ಮನೇಲಿ ಇಷ್ಟು ಜೇಡರ ಬಲೆ ಇತ್ತಾ?” ಎಂದರು. ಮಂಜೇ ಚೆನ್ನಾಗಿತ್ತು ಎಂದು ನಾನು ಪೊರಕೆ ಕೈಗೆ ಕೊಟ್ಟೆ. ಗುಡಿಸುತ್ತಾ ಗುಡಿಸುತ್ತಾ ನಿಂತು, ನನ್ನ ಮುಖವನ್ನು ಒಂದು ನಿಮಿಷ ನೋಡಿದರು. ಏನು ಎಂದು ಕೇಳಿದರೆ ಏನಿಲ್ಲ ಎಂದರು.

ಪಿಕಿಂಗ್ ಮುಗಿಯಿತು. ಇವರು ರಿಜಿಸ್ಟರನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡರು. ಕೆಲಸ ಉಳಿಯಿತು, ಮನೆ ಉಳಿಯಿತು. ಮುಂದಿನ ಭಾನುವಾರ ಊಟವಾದ ಮೇಲೆ ನಾನು ಪುಸ್ತಕ ತಂದು ಇವರ ಮುಂದೆ ಇಟ್ಟೆ. ಇವರು ಅದನ್ನು ನನ್ನ ಕಡೆಗೇ ತಳ್ಳಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡರು.

“ಓದು.”

“ಕಣ್ಣು ಸರಿಹೋಯ್ತಲ್ರೀ. ನೀವೇ ಓದ್ಕೊಳ್ಳಿ.”

“ಹೀಗೇ ಚೆನ್ನಾಗಿದೆ. ನೀನು ಓದು, ನಾನು ಕೂಡ್ತೀನಿ.”

ಓದಿದೆ. ಅಕ್ಕಿ, ಎಣ್ಣೆ, ಹಾಲು, ಬಸ್ಸು, ಔಷಧಿ. ಸ್ಕೂಟರ್ ಸಾಲಿಗೆ ಬಂದರೆ, ನನ್ನ ಸೊನ್ನೆಯ ಕೆಳಗೆ ಇವರ ಅಕ್ಷರದಲ್ಲಿ ಹೊಸದೊಂದು ಮೊತ್ತ ಇತ್ತು. ಸಾಹುಕಾರರು ಪಿಕಿಂಗಿನ ಬೋನಸ್ ಕೊಟ್ಟಿದ್ದರು, ನನಗೆ ಹೇಳದೆ ಅದನ್ನು ಇಲ್ಲಿಗೆ ಇಳಿಸಿದ್ದರು. ಎಷ್ಟೆಂದು ನೋಡಲು ಪುಸ್ತಕವನ್ನು ಸ್ವಲ್ಪ ದೂರ ಹಿಡಿದೆ. ಇನ್ನೂ ಸ್ವಲ್ಪ ದೂರ. ಎದ್ದು ಬಾಗಿಲಿನ ಬೆಳಕಿಗೆ ಹೋಗಿ ಕೈ ನೀಡುವಷ್ಟು ನೀಡಿದೆ. ಮೂರು ಸೊನ್ನೆ ಕಂಡವು, ಮೊದಲ ಅಂಕಿಯ ಬಾಲ ಯಾವ ಕಡೆಗಿದೆ ಎಂದು ಏನು ಮಾಡಿದರೂ ತಿಳಿಯಲಿಲ್ಲ.

“ಇದು ಆರು ಸಾವಿರವೋ, ಒಂಬತ್ತು ಸಾವಿರವೋ ರೀ?”

ಇವರು ಕಣ್ಣು ಬಿಟ್ಟರು. ನನ್ನನ್ನು, ನನ್ನ ನೀಡಿದ ಕೈಯನ್ನು, ಆ ಕೈಯ ತುದಿಯಲ್ಲಿದ್ದ ಪುಸ್ತಕವನ್ನು ನೋಡಿದರು.

“ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದರು.

ಈಗ ತಲೆ ತಗ್ಗಿಸುವ ಸರದಿ ನನ್ನದಾಗಿತ್ತು. ಬರೆದದ್ದು ನನಗೇ ಸರಿಯಾಗಿ ಕಾಣದೆ ತಕ್ಕಡಿಯ ಪಕ್ಕ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದೆ ಎಂದು ಒಪ್ಪಿಕೊಂಡೆ. ಬೈಯುತ್ತಾರೆ ಎಂದು ಕಾದೆ. ಜಗಳಕ್ಕೆ ಬಾರದ ಮನುಷ್ಯ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಸ್ಕೇಲು ಇಟ್ಟು, ಸ್ಕೂಟರ್ ಸಾಲಿನ ಪಕ್ಕದಲ್ಲೇ ಒಂದು ಹೊಸ ಗೆರೆ ಎಳೆದರು. ತಲೆಯಲ್ಲಿ “ಕನ್ನಡಕ” ಎಂದು ಬರೆದರು. ಅದರ ಕೆಳಗೆ ಮನೆಯ ಪುಸ್ತಕದಲ್ಲಿ ಮೊದಲ ಸಲ ಮೇಷ್ಟ್ರ ಕನ್ನಡ ಅಂಕಿ ಬಿಟ್ಟು, ಅಕ್ಷರದಲ್ಲೇ ಮೊತ್ತ ಬರೆದರು, ಅಡುಗೆಮನೆಯಲ್ಲಿ ನಿಂತರೂ ನನಗೆ ಕಾಣುವಷ್ಟು ದೊಡ್ಡದಾಗಿ.